ಏರಿಸಿದ ಗಾಡಿ, ಇಳಿಸಿದ ಗಾಡಿ

ಅಮೆರಿಕದ ಯಾವುದಾದರೂ ಸಣ್ಣ ಊರಿನ ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಈ ನೋಟ ಕಣ್ಣಿಗೆ ಬೀಳುತ್ತದೆ. ಸೊಂಟದೆತ್ತರದ ಟೈರು, ಎದೆಯೆತ್ತರದ ಬಾನೆಟ್, ಮಿರಮಿರ ಮಿರುಗುವ ಬಣ್ಣದ ಒಂದು ಪಿಕಪ್ ಟ್ರಕ್ಕು ಬಂದು ನಿಲ್ಲುತ್ತದೆ. ಚಾಲಕ ಬಾಗಿಲು ತೆರೆದು, ಪಕ್ಕದ ಮೆಟ್ಟಿಲಿನ ಮೇಲೆ ಕಾಲಿಟ್ಟು, ಅಟ್ಟದಿಂದ ಇಳಿದ ಹಾಗೆ ನೆಲಕ್ಕಿಳಿಯುತ್ತಾನೆ. ಹಿಂದಿನ ತೊಟ್ಟಿಯಲ್ಲಿ ಹುಲ್ಲಿಲ್ಲ, ಗೊಬ್ಬರವಿಲ್ಲ, ಸಿಮೆಂಟ್ ಚೀಲವಿಲ್ಲ. ಬೆಳಗಿಟ್ಟ ಪಾತ್ರೆಯಂತೆ ಅದು ಖಾಲಿ.

ಅದೇ ದೇಶದ ಪಶ್ಚಿಮದಂಚಿನ ಲಾಸ್ ಏಂಜಲಿಸ್ ನಗರದ ಪೂರ್ವ ಬಡಾವಣೆಗಳಲ್ಲಿ ಭಾನುವಾರ ಸಂಜೆ ಇದಕ್ಕೆ ತದ್ವಿರುದ್ಧವಾದ ನೋಟವಿರುತ್ತದೆ. ಇಲ್ಲಿಯೂ ಪಿಕಪ್ಪುಗಳಿವೆ, ಕಾರುಗಳೂ ಇವೆ. ಆದರೆ ಅವುಗಳ ಹೊಟ್ಟೆ ನೆಲಕ್ಕೆ ತಾಗಿತೋ ಎಂಬಷ್ಟು ತಗ್ಗಿದೆ. ಮೆರವಣಿಗೆಯ ತೇರಿನಂತೆ, ಯಾವ ಅವಸರವೂ ಇಲ್ಲದೆ ಅವು ಸಾಲಾಗಿ ಸಾಗುತ್ತವೆ.

ಏರಿದ ಪಿಕಪ್ಪೂ ಇಳಿದ ಪಿಕಪ್ಪೂ ಕಾರ್ಖಾನೆಯಿಂದ ಹೊರಬಂದಾಗ ಹೆಚ್ಚುಕಡಿಮೆ ಒಂದೇ ಎತ್ತರದವು. ಒಂದನ್ನು ಮಾಲೀಕ ಮೇಲಕ್ಕೇರಿಸಿದ, ಇನ್ನೊಂದನ್ನು ಕೆಳಗಿಳಿಸಿದ. ಹೀಗೆ ಮಾಡಲು ಇಬ್ಬರೂ ಸಂಬಳದ ದೊಡ್ಡ ಪಾಲನ್ನು ಸುರಿದಿರುತ್ತಾರೆ. ಇದು ಬರಿಯ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಏರಿಳಿತದ ಹಿಂದೆ ಒಂದು ಶತಮಾನದ ಚರಿತ್ರೆಯಿದೆ. ರಸ್ತೆ ಯಾರದು, ಅದರಲ್ಲಿ ಯಾರು ತಲೆಯೆತ್ತಿ ಓಡಾಡಬಹುದು, ಯಾರ ಜೀವಕ್ಕೆ ಎಷ್ಟು ಬೆಲೆ ಎಂಬ ಪ್ರಶ್ನೆಗಳೂ ಅದರೊಂದಿಗೆ ಹೆಣೆದುಕೊಂಡಿವೆ.

ದುಡಿಮೆಯ ಗಾಡಿ

ಪಿಕಪ್ ಟ್ರಕ್ಕು ಹುಟ್ಟಿದ್ದೇ ಒಂದು ಮಾರ್ಪಾಟಿನಿಂದ. 1908ರಲ್ಲಿ ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು ಮಾರುಕಟ್ಟೆಗೆ ಬಂದ ಕೆಲವೇ ವರ್ಷಗಳಲ್ಲಿ ಅಮೆರಿಕದ ರೈತರು ಅದರ ಹಿಂಭಾಗವನ್ನು ಕಳಚಿ, ಮರದ ಪೆಟ್ಟಿಗೆಯೊಂದನ್ನು ಕೂರಿಸಿಕೊಳ್ಳತೊಡಗಿದರು. ವಾರವಿಡೀ ಆಲೂಗಡ್ಡೆ, ಹಾಲಿನ ಕ್ಯಾನು, ಕರು ಹೊತ್ತ ಗಾಡಿಯೇ ಭಾನುವಾರ ಚರ್ಚಿಗೂ ಹೋಗುತ್ತಿತ್ತು. ಗ್ರಾಹಕರು ಮಾಡಿಕೊಳ್ಳುತ್ತಿದ್ದುದನ್ನೇ ಕಂಪನಿ ತಾನೂ ಮಾಡಿತು. 1925ರ ಏಪ್ರಿಲ್‌ನಲ್ಲಿ ಫೋರ್ಡ್ ಕಂಪನಿ ಕಾರ್ಖಾನೆಯಲ್ಲೇ ತೊಟ್ಟಿ ಜೋಡಿಸಿದ ಮಾಡೆಲ್ ಟಿ ಪಿಕಪ್ಪನ್ನು 281 ಡಾಲರಿಗೆ ಮಾರಾಟಕ್ಕಿಟ್ಟಿತು. ಆ ವರ್ಷ ಸುಮಾರು 34,000 ಗಾಡಿಗಳು ತಯಾರಾದವು.

ಆ ಕಾಲದ ಹಳ್ಳಿ ರಸ್ತೆಗಳೆಂದರೆ ಮಳೆಗಾಲದಲ್ಲಿ ಕೆಸರಿನ ಹೊಂಡ, ಚಳಿಗಾಲದಲ್ಲಿ ಹಿಮ. ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಂಜಿನ್ನಿನ ಬಲ ಸಿಗುತ್ತಿದ್ದ ಗಾಡಿ ಕೆಸರಿನಲ್ಲಿ ಹೂತರೆ ಎತ್ತುಗಳೋ ಕುದುರೆಗಳೋ ಬಂದು ಎಳೆಯಬೇಕಿತ್ತು. 1930ರ ದಶಕದ ನಡುವಿನಲ್ಲಿ ಮಾರ್ಮನ್-ಹೆರಿಂಗ್ಟನ್ ಎಂಬ ಸಂಸ್ಥೆ ಫೋರ್ಡ್ ಟ್ರಕ್ಕುಗಳ ನಾಲ್ಕೂ ಚಕ್ರಗಳಿಗೆ ಬಲ ಹೋಗುವಂತೆ ಮಾರ್ಪಡಿಸಿ ಕೊಡತೊಡಗಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಯ ಅನುಭವವನ್ನೇ ಬಂಡವಾಳ ಮಾಡಿಕೊಂಡು ಡಾಡ್ಜ್ ಕಂಪನಿಯ ಪವರ್ ವ್ಯಾಗನ್ ನಾಗರಿಕರ ಕೈಗೆ ಬಂತು. 1957ರಲ್ಲಿ ಷೆವ್ರೊಲೆ, 1959ರಲ್ಲಿ ಫೋರ್ಡ್, ತಮ್ಮ ಕಾರ್ಖಾನೆಗಳಲ್ಲೇ ನಾಲ್ಕು ಚಕ್ರ ಚಾಲನೆಯ ಪಿಕಪ್ಪುಗಳನ್ನು ತಯಾರಿಸತೊಡಗಿದವು.

ಮುಂದಿನ ಆಕ್ಸಲಿಗೂ ಗೇರುಪೆಟ್ಟಿಗೆಯ ಬಲ ತಲುಪಬೇಕಾದರೆ ಅಡಿಯಲ್ಲಿ ಜಾಗ ಬೇಕು. ಹೀಗಾಗಿ ನಾಲ್ಕು ಚಕ್ರ ಚಾಲನೆಯ ಪಿಕಪ್ಪುಗಳು ಸಾಮಾನ್ಯ ಪಿಕಪ್ಪಿಗಿಂತ ಎತ್ತರವಾಗಿ ನಿಂತವು. ಎತ್ತರದ ಗಾಡಿಯೆಂದರೆ ಎಲ್ಲಿಗಾದರೂ ಹೋಗಬಲ್ಲ ಗಾಡಿ ಎಂಬ ಭಾವನೆ ಜನಮನದಲ್ಲಿ ಬೇರೂರಿದ್ದು ಇಲ್ಲಿಂದ. ಅವಶ್ಯಕತೆಯಾಗಿದ್ದ ಎತ್ತರ ಕ್ರಮೇಣ ಅಂತಸ್ತಿನ ಗುರುತಾಯಿತು.

ಎತ್ತರಿಸುವ ವಿದ್ಯೆ

ಗಾಡಿಯನ್ನು ಎತ್ತರಿಸುವುದು ಹೇಗೆ? ಹಳೆಯ ಪಿಕಪ್ಪುಗಳ ತೂಕವೆಲ್ಲ ನಿಲ್ಲುತ್ತಿದ್ದುದು ಒಂದರ ಮೇಲೊಂದು ಜೋಡಿಸಿ ಬಿಗಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಮೇಲೆ. ನಮ್ಮ ಲಾರಿ ಗ್ಯಾರೇಜುಗಳಲ್ಲಿ ಇದನ್ನೇ ಕಮಾನು ಎಂದೂ, ಬಿಡಿ ಪಟ್ಟಿಯನ್ನು ಪ್ಲೇಟು ಎಂದೂ ಕರೆಯುತ್ತಾರೆ. ಕಮಾನಿಗೆ ಇನ್ನೊಂದು ಪ್ಲೇಟು ಸೇರಿಸಿದರೆ ಅಥವಾ ಹೆಚ್ಚು ಬಾಗಿದ ಕಮಾನನ್ನೇ ಹಾಕಿದರೆ ಗಾಡಿ ಎರಡು ಮೂರು ಇಂಚು ಮೇಲೇಳುತ್ತದೆ. ಹಿಂದಿನ ಆಕ್ಸಲಿಗೂ ಕಮಾನಿಗೂ ನಡುವೆ ಕಬ್ಬಿಣದ ತುಂಡನ್ನು ಇಟ್ಟು ಏರಿಸುವುದು ಇನ್ನೂ ಅಗ್ಗದ ದಾರಿ. ಸ್ಪ್ರಿಂಗಿನ ಗೋಜಿಗೇ ಹೋಗದೆ, ಚಾಸಿಗೂ ಮೇಲಿನ ಬಾಡಿಗೂ ನಡುವೆ ಗಟ್ಟಿ ಬಿಲ್ಲೆಗಳನ್ನು ಕೂರಿಸಿ ಬಾಡಿಯನ್ನಷ್ಟೇ ಮೇಲೆತ್ತುವ ಕ್ರಮವೂ ಇದೆ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಸಂಗತಿಯಿದೆ. ಕಮಾನು ಎತ್ತರಿಸಿದರೆ ಏರುವುದು ಗಾಡಿಯ ಮೈ ಮಾತ್ರ. ಆಕ್ಸಲ್ ಮತ್ತು ಅದರ ನಡುವಿನ ಗುಂಡನೆಯ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತವೆ. ಕಲ್ಲು ಬಂಡೆಗೆ ಮೊದಲು ತಾಗುವುದು ಆ ಗುಂಡೇ. ಅದನ್ನು ಮೇಲೆತ್ತಲು ಇರುವ ಸರಳ ಉಪಾಯ ದೊಡ್ಡ ಟೈರು. 31 ಇಂಚು ವ್ಯಾಸದ ಟೈರು ತೆಗೆದು 35 ಇಂಚಿನದನ್ನು ಹಾಕಿದರೆ ವ್ಯಾಸದ ವ್ಯತ್ಯಾಸದ ಅರ್ಧದಷ್ಟು, ಅಂದರೆ ಎರಡು ಇಂಚು, ಆಕ್ಸಲ್ ಮೇಲೇಳುತ್ತದೆ. ಆದರೆ ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಉಜ್ಜದಿರಲು ಜಾಗ ಮಾಡಿಕೊಡುವುದೇ ಸ್ಪ್ರಿಂಗು ಏರಿಸುವುದರ ನಿಜವಾದ ಉದ್ದೇಶ. ಟೈರಿಗಾಗಿ ಎತ್ತರವೇ ಹೊರತು ಎತ್ತರಕ್ಕಾಗಿ ಟೈರಲ್ಲ. ಪೇಟೆಯ ಶೋಕಿಯಲ್ಲಿ ಈ ಲೆಕ್ಕ ತಲೆಕೆಳಗಾಯಿತು.

ಒಂದನ್ನು ಬದಲಿಸಿದರೆ ಉಳಿದವೆಲ್ಲ ಬದಲಾಗಬೇಕೆಂಬುದು ಯಂತ್ರದ ನಿಯಮ. ದೊಡ್ಡ ಟೈರು ಒಂದು ಸುತ್ತಿಗೆ ಹೆಚ್ಚು ದೂರ ಸಾಗುತ್ತದೆ. 31ರ ಬದಲು 35 ಇಂಚಿನ ಟೈರು ಹಾಕಿದ ಗಾಡಿಯ ಸ್ಪೀಡೋಮೀಟರ್ ಗಂಟೆಗೆ 100 ಕಿಲೋಮೀಟರ್ ಎಂದು ತೋರಿಸುವಾಗ ನಿಜವಾದ ವೇಗ ಸುಮಾರು 113 ಆಗಿರುತ್ತದೆ. ಎಂಜಿನ್ನಿಗೆ ಎಳೆತ ಸಾಲದಾಗಿ ಆಕ್ಸಲಿನ ಗೇರುಗಳನ್ನೇ ಬದಲಿಸಬೇಕಾಗುತ್ತದೆ. ಭಾರದ ಚಕ್ರವನ್ನು ನಿಲ್ಲಿಸಲು ಬ್ರೇಕಿಗೆ ಹೆಚ್ಚು ದೂರ ಬೇಕು. ಬ್ರೇಕಿನ ಪೈಪು ಉದ್ದವಾಗಬೇಕು, ಸ್ಟೀರಿಂಗಿನ ಸರಳುಗಳ ಕೋನ ಸರಿಪಡಿಸಬೇಕು, ಶಾಕ್ ಅಬ್ಸಾರ್ಬರ್ ಬದಲಿಸಬೇಕು. ಭಾರದ ಕೇಂದ್ರ ಮೇಲೇರಿದ ಗಾಡಿ ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚು. ಬಲ್ಲ ಮೆಕ್ಯಾನಿಕ್ಕು ಇದನ್ನೆಲ್ಲ ಮೊದಲೇ ಹೇಳುತ್ತಾನೆ. ಅವಸರದ ಗಿರಾಕಿ ಟೈರು ಮತ್ತು ರಿಮ್ಮಿಗೆ ಹಣ ಕೊಟ್ಟು, ಬ್ರೇಕನ್ನು ಮುಂದಿನ ತಿಂಗಳಿಗೆ ಬಿಡುತ್ತಾನೆ.

ಮರುಭೂಮಿಯಿಂದ ಮೈದಾನಕ್ಕೆ

ಅವಶ್ಯಕತೆಯ ಎತ್ತರ ಆಟವಾಗಿ ಬದಲಾದದ್ದು ಮರುಭೂಮಿಯಲ್ಲಿ. ಕ್ಯಾಲಿಫೋರ್ನಿಯಕ್ಕೆ ದಕ್ಷಿಣದಲ್ಲಿ, ಮೆಕ್ಸಿಕೊ ದೇಶಕ್ಕೆ ಸೇರಿದ ಬಾಹಾ ಎಂಬ ಉದ್ದನೆಯ ಪರ್ಯಾಯ ದ್ವೀಪವಿದೆ. 1967ರಲ್ಲಿ ಟಿವಾನಾದಿಂದ ಲಾ ಪಾಸ್‌ವರೆಗೆ ಮೊದಲ ಬಾರಿಗೆ ಅಲ್ಲಿ ವಾಹನಗಳ ಪಂದ್ಯ ನಡೆಯಿತು. ಗೆದ್ದದ್ದು ಟ್ರಕ್ಕಲ್ಲ. ವೋಕ್ಸ್‌ವ್ಯಾಗನ್ ಕಾರಿನ ಭಾಗಗಳಿಂದ ಕಟ್ಟಿದ ಹಗುರವಾದ ಒಂದು ಬಗ್ಗಿ 27 ಗಂಟೆ 38 ನಿಮಿಷಗಳಲ್ಲಿ ಗುರಿ ಮುಟ್ಟಿತು. ಮುಂದಿನ ವರ್ಷಗಳಲ್ಲಿ ಪಿಕಪ್ಪುಗಳೂ ಕಣಕ್ಕಿಳಿದವು. ಗುಂಡಿಯಿಂದ ಗುಂಡಿಗೆ ಹಾರುವ ಈ ಗಾಡಿಗಳಿಗೆ ಬರಿಯ ಎತ್ತರ ಸಾಲದು. ಚಕ್ರ ಮೇಲೆ ಕೆಳಗೆ ಬಹು ದೂರ ಚಲಿಸಿ ಪೆಟ್ಟನ್ನು ನುಂಗಬೇಕು. ಪಂದ್ಯಕ್ಕೆ ಮುನ್ನ ದಾರಿ ನೋಡಿಬರಲು ಸ್ಪರ್ಧಿಗಳು ಇಟ್ಟುಕೊಂಡಿದ್ದ ಇನ್ನೊಂದು ಟ್ರಕ್ಕಿಗೆ ಪ್ರೀ-ರನ್ನರ್ ಎಂಬ ಹೆಸರಿತ್ತು. ಮುಂದೆ ಊರೊಳಗಿನ ಯುವಕರು ತಮ್ಮ ಪಿಕಪ್ಪುಗಳನ್ನು ಇದೇ ಮಾದರಿಯಲ್ಲಿ ಸಿಂಗರಿಸಿಕೊಳ್ಳತೊಡಗಿದರು.

ಬಿಡಿಭಾಗಗಳ ಉದ್ಯಮವೂ ಇದರ ಜತೆಗೇ ಬೆಳೆಯಿತು. ವೇಗದ ಕಾರುಗಳ ಬಿಡಿಭಾಗ ತಯಾರಕರು 1963ರಲ್ಲಿ ಕಟ್ಟಿಕೊಂಡ ಸೆಮಾ ಎಂಬ ಸಂಘ 1967ರಲ್ಲಿ ಲಾಸ್ ಏಂಜಲಿಸ್‌ನ ಡಾಡ್ಜರ್ ಕ್ರೀಡಾಂಗಣದಲ್ಲಿ ತನ್ನ ಮೊದಲ ಪ್ರದರ್ಶನ ನಡೆಸಿತು. 1977ರಿಂದ ಅದು ಲಾಸ್ ವೇಗಸ್‌ನಲ್ಲಿ ನಡೆಯುತ್ತ ಬಂದಿದೆ. ಸ್ಪ್ರಿಂಗು, ಟೈರು, ರಿಮ್ಮು, ದೀಪ, ಬಣ್ಣ ಎಲ್ಲಕ್ಕೂ ಇಂದು ಅದೊಂದು ಜಾತ್ರೆ.

ಎತ್ತರದ ಹುಚ್ಚನ್ನು ತುತ್ತತುದಿಗೆ ಒಯ್ದ ಕೀರ್ತಿ ಮಿಸೌರಿ ರಾಜ್ಯದ ಸೇಂಟ್ ಲೂಯಿ ಸಮೀಪದ ಬಾಬ್ ಚಾಂಡ್ಲರನಿಗೆ ಸಲ್ಲಬೇಕು. ನಾಲ್ಕು ಚಕ್ರ ಚಾಲನೆಯ ವಾಹನಗಳ ಬಿಡಿಭಾಗದ ಅಂಗಡಿ ಇಟ್ಟಿದ್ದ ಈತ ಜಾಹೀರಾತಿಗೂ ಆಗಲೆಂದು ತನ್ನ 1974ರ ಫೋರ್ಡ್ ಎಫ್-250 ಪಿಕಪ್ಪನ್ನು ಏರಿಸುತ್ತಲೇ ಹೋದ. ಆಕ್ಸಿಲರೇಟರಿನ ಮೇಲೆ ಈತ ಕಾಲಿಡುವ ರಭಸ ಕಂಡು ಜತೆಗಾರರು ಇಟ್ಟ ಅಡ್ಡಹೆಸರೇ ಗಾಡಿಯ ಹೆಸರಾಯಿತು: ಬಿಗ್‌ಫುಟ್. 1981ರಲ್ಲಿ ಒಂದು ಹೊಲದಲ್ಲಿ ಹಳೆಯ ಕಾರುಗಳ ಮೇಲೆ ಅದನ್ನು ಹತ್ತಿಸಿ ಅಪ್ಪಚ್ಚಿ ಮಾಡಿದ. ಮರುವರ್ಷ ಮಿಷಿಗನ್ ರಾಜ್ಯದ ಪಾಂಟಿಯಾಕ್‌ನ ಕ್ರೀಡಾಂಗಣದಲ್ಲಿ ಸಾವಿರಾರು ಜನರ ಎದುರು ಇದೇ ಆಟ ನಡೆಯಿತು. ಗೊಬ್ಬರ ಚೆಲ್ಲುವ ಕೃಷಿಯಂತ್ರಗಳಿಗೆಂದು ತಯಾರಾಗಿದ್ದ 66 ಇಂಚಿನ ಟೈರು, ಅಂದರೆ ಐದೂವರೆ ಅಡಿ ಎತ್ತರದ ಚಕ್ರ, ಮಾನ್‌ಸ್ಟರ್ ಟ್ರಕ್ಕುಗಳ ಲಾಂಛನವೇ ಆಗಿಬಿಟ್ಟಿತು. ಹೊಲಕ್ಕಾಗಿ ಹುಟ್ಟಿದ್ದ ಪಿಕಪ್ಪು ಹೊಲದ ಯಂತ್ರದ ಚಕ್ರ ತೊಟ್ಟು ರಂಗದ ಮೇಲೆ ಬಂದು ನಿಂತಿತು.

ಚಲನಚಿತ್ರಗಳೂ ಹಿಂದೆ ಬೀಳಲಿಲ್ಲ. 1985ರಲ್ಲಿ ತೆರೆಕಂಡ ‘ಬ್ಯಾಕ್ ಟು ದ ಫ್ಯೂಚರ್’ ಚಿತ್ರದ ಹದಿಹರೆಯದ ನಾಯಕ ಹಂಬಲಿಸುವುದು ಎತ್ತರಿಸಿದ ಕಪ್ಪು ಬಣ್ಣದ ಒಂದು ಟೊಯೋಟ ಪಿಕಪ್ಪಿಗಾಗಿ. ಅದರ ತೊಟ್ಟಿಯ ಮುಂದೆ ಕಮಾನಾಕಾರದ ಕೊಳವೆ, ಅದರ ಮೇಲೆ ಸಾಲುದೀಪ. ಆ ತಲೆಮಾರಿನ ಹುಡುಗರ ಕನಸಿಗೆ ಚಿತ್ರ ಒಂದು ಆಕಾರ ಕೊಟ್ಟಿತು.

ಕೆಳಗಿಳಿದವರ ಕತೆ

ಈಗ ತಗ್ಗಿನ ಗಾಡಿಗಳತ್ತ ಬರೋಣ. ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯದ ಮೆಕ್ಸಿಕನ್ ಮೂಲದ ಯುವಕರ ಕೈಗೆ ಹಳೆಯ ಷೆವ್ರೊಲೆ ಕಾರು, ಪಿಕಪ್ಪುಗಳು ಅಗ್ಗವಾಗಿ ಬಂದವು. ಬಿಳಿಯರ ಬಡಾವಣೆಗಳ ಹುಡುಗರು ಎಂಜಿನ್ನಿನ ಬಲ ಹೆಚ್ಚಿಸಿ ವೇಗದ ಬೆನ್ನು ಹತ್ತಿದ್ದರೆ, ಇವರು ಆರಿಸಿಕೊಂಡದ್ದು ನಿಧಾನವನ್ನು. ಹಿಂದಿನ ಡಿಕ್ಕಿಯಲ್ಲಿ ಮರಳಿನ ಮೂಟೆ ಹೇರಿ, ಸ್ಪ್ರಿಂಗಿನ ಸುರುಳಿ ಕತ್ತರಿಸಿ ಗಾಡಿಯನ್ನು ತಗ್ಗಿಸಿದರು. ಹತ್ತಾರು ಪದರ ಬಣ್ಣ ಬಳಿದು ಕನ್ನಡಿಯಂತೆ ಉಜ್ಜಿದರು. ಪೂರ್ವ ಲಾಸ್ ಏಂಜಲಿಸ್‌ನ ವಿಟಿಯರ್ ಬುಲೆವಾರ್ಡಿನಲ್ಲಿ ಮನೆಮಂದಿಯೆಲ್ಲ ನೋಡುವಂತೆ ಮೆಲ್ಲಗೆ ಸಾಗುವುದೇ ಅದರ ಸೊಗಸು. ಊರಿನ ಮುಖ್ಯ ಬೀದಿಯಲ್ಲಿ ತಮಗೂ ಜಾಗವಿದೆ ಎಂದು ಮಾತಿಲ್ಲದೆ ಹೇಳುವ ರೀತಿಯೂ ಅದಾಗಿತ್ತು.

ಕಾನೂನು ಇದನ್ನು ಸಹಿಸಲಿಲ್ಲ. ವಾಹನದ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳತುದಿಗಿಂತ ತಗ್ಗಾಗಿರಕೂಡದೆಂಬ ನಿಯಮ ಕ್ಯಾಲಿಫೋರ್ನಿಯದಲ್ಲಿ 1950ರ ದಶಕದ ಕೊನೆಯಲ್ಲಿ ಜಾರಿಗೆ ಬಂತು. ತಗ್ಗಿನ ಗಾಡಿ ಕಂಡೊಡನೆ ಪೊಲೀಸರು ತಡೆದು ನಿಲ್ಲಿಸಲು ಅದೊಂದು ನೆಪವಾಯಿತು. ಇದಕ್ಕೆ ಉತ್ತರ ಹುಡುಕಿದ್ದು ಒಬ್ಬ ಯುವಕ. 1959ರಲ್ಲಿ ರಾನ್ ಅಗಿರೆ ಎಂಬಾತ ಹಳೆಯ ವಿಮಾನಗಳಿಂದ ಬಂದ ಹೈಡ್ರಾಲಿಕ್ ಪಂಪು ಮತ್ತು ಕವಾಟಗಳನ್ನು ತನ್ನ ಕಾರ್ವೆಟ್ ಕಾರಿಗೆ ಜೋಡಿಸಿದ. ಒಂದು ಸ್ವಿಚ್ಚು ಒತ್ತಿದರೆ ಗಾಡಿ ಮೇಲೇಳುತ್ತದೆ, ಇನ್ನೊಮ್ಮೆ ಒತ್ತಿದರೆ ತಗ್ಗುತ್ತದೆ. ಪೊಲೀಸರು ಕಂಡಾಗ ನಿಯಮದ ಎತ್ತರ, ಅವರು ಮರೆಯಾದೊಡನೆ ಮತ್ತೆ ತಗ್ಗು! ಮುಂದೆ ಗಾಡಿಗಳನ್ನು ಕುಣಿಸುವ ಸ್ಪರ್ಧೆಗಳಿಗೂ ದಾರಿಯಾದ ಈ ವಿದ್ಯೆಯ ಮೂಲದಲ್ಲಿ ಒಂದು ಕಾನೂನಿತ್ತು ಎಂಬುದು ಗಮನಾರ್ಹ.

1977ರಲ್ಲಿ ಸ್ಯಾನ್ ಹೋಸೆ ನಗರದಿಂದ ‘ಲೋರೈಡರ್’ ಎಂಬ ಪತ್ರಿಕೆಯೇ ಹೊರಡತೊಡಗಿತು. 1980ರ ದಶಕದಲ್ಲಿ ತಗ್ಗಿಸುವ ಕಲೆ ಜಪಾನಿನ ಪುಟ್ಟ ಪಿಕಪ್ಪುಗಳಿಗೂ ಹಬ್ಬಿತು. ಈ ಪುಟ್ಟ ಗಾಡಿಗಳು ಅಮೆರಿಕಕ್ಕೆ ಬಂದ ಬಗೆಯೂ ಸ್ವಾರಸ್ಯದ್ದು. ಅಮೆರಿಕದ ಕೋಳಿ ಮಾಂಸದ ಮೇಲೆ ಯುರೋಪಿನ ದೇಶಗಳು ಸುಂಕ ಹೇರಿದ್ದಕ್ಕೆ ಪ್ರತೀಕಾರವಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ಹೊರದೇಶದ ಸಣ್ಣ ಟ್ರಕ್ಕುಗಳ ಮೇಲೆ ಶೇ. 25ರಷ್ಟು ಸುಂಕ ವಿಧಿಸಿದರು. ‘ಕೋಳಿ ತೆರಿಗೆ’ ಎಂದೇ ಹೆಸರಾದ ಈ ಸುಂಕ ಆರು ದಶಕಗಳ ನಂತರವೂ ರದ್ದಾಗಿಲ್ಲ. ತೊಟ್ಟಿಯಿಲ್ಲದ ಗಾಡಿಗೆ ಸುಂಕ ಬಹಳ ಕಡಿಮೆಯಿದ್ದುದರಿಂದ ತಯಾರಕರು ತೊಟ್ಟಿಯನ್ನು ಬೇರೆ ಮಾಡಿ ತಂದು, ಅಮೆರಿಕದ ನೆಲದಲ್ಲಿ ಜೋಡಿಸುತ್ತಿದ್ದರು. ಈ ಸಂದನ್ನು 1980ರಲ್ಲಿ ಮುಚ್ಚಲಾಯಿತು.

ಅಗ್ಗದ ಈ ಪುಟ್ಟ ಪಿಕಪ್ಪುಗಳು ಓದುವ ಹುಡುಗರ ಮೊದಲ ಗಾಡಿಗಳಾದವು. ಕಮಾನಿನ ಕೆಳಗಿದ್ದ ಆಕ್ಸಲನ್ನು ಕಮಾನಿನ ಮೇಲಕ್ಕೆ ಸೇರಿಸಿದರೆ ಹಿಂಭಾಗ ಒಮ್ಮೆಗೇ ಐದಾರು ಇಂಚು ಇಳಿಯುತ್ತದೆ. ಮೇಲಿದ್ದ ಆಕ್ಸಲನ್ನು ಕೆಳಕ್ಕೆ ತಂದರೆ ಅಷ್ಟೇ ಏರುತ್ತದೆ. ಅದೇ ಕಮಾನು, ಅದೇ ಆಕ್ಸಲು. ಏರಿಸುವವನೂ ಇಳಿಸುವವನೂ ಒಂದೇ ಸ್ಪ್ಯಾನರ್ ಹಿಡಿದ ನೆಂಟರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡು ಅಳತೆಗೋಲು

ಆದರೆ ಕಾನೂನು ಈ ಇಬ್ಬರನ್ನೂ ಒಂದೇ ರೀತಿ ಕಾಣಲಿಲ್ಲ. ಏರಿಸಿದ ಗಾಡಿಗಳಿಗೆ ಹಲವು ರಾಜ್ಯಗಳು ಬಂಪರಿನ ಅಥವಾ ಚಾಸಿಯ ಎತ್ತರಕ್ಕೆ ಇಂಚುಗಳಲ್ಲಿ ಮಿತಿ ಹಾಕಿದವು. ಅಷ್ಟರೊಳಗೆ ಏರಿಸಿಕೊಂಡವನನ್ನು ಕೇಳುವವರಿಲ್ಲ. ತಗ್ಗಿಸಿದವರ ಪಾಡು ಬೇರೆ. ಗಾಡಿಯ ಮೇಲಿನ ನಿಷೇಧದ ಜತೆಗೆ ಬೀದಿಯ ಮೇಲೂ ನಿಷೇಧ ಬಂತು. ಒಂದೇ ರಸ್ತೆಯಲ್ಲಿ ಮತ್ತೆ ಮತ್ತೆ ಸುತ್ತುವುದನ್ನು ತಡೆಯುವ ಅಧಿಕಾರವನ್ನು 1980ರ ದಶಕದಲ್ಲಿ ಕ್ಯಾಲಿಫೋರ್ನಿಯ ತನ್ನ ಪಟ್ಟಣಗಳಿಗೆ ಕೊಟ್ಟಿತು. ಈ ನಿಯಮಗಳ ಬಿಸಿ ಹೆಚ್ಚಾಗಿ ತಟ್ಟಿದ್ದು ಮೆಕ್ಸಿಕನ್ ಮೂಲದವರಿಗೇ ಎಂಬುದು ಅವರ ಬಹುಕಾಲದ ದೂರು. ನಿಧಾನವಾಗಿ ಹೋಗುವ ತಗ್ಗಿನ ಗಾಡಿಯಿಂದ ಯಾರ ಜೀವಕ್ಕೆ ಅಪಾಯ ಎಂಬ ಅವರ ಪ್ರಶ್ನೆಗೆ ಸಮಾಧಾನದ ಉತ್ತರ ಸಿಗಲಿಲ್ಲ.

ಉತ್ತರ ಬರಲು ಆರೂವರೆ ದಶಕ ಬೇಕಾಯಿತು. ಸ್ಯಾನ್ ಹೋಸೆ ಮತ್ತು ಸ್ಯಾಕ್ರಮೆಂಟೊ ನಗರಗಳು 2022ರಲ್ಲಿ ತಮ್ಮ ನಿಷೇಧಗಳನ್ನು ತೆಗೆದುಹಾಕಿದವು. 2023ರ ಅಕ್ಟೋಬರಿನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಮಸೂದೆಯಿಂದಾಗಿ 2024ರ ಜನವರಿ 1ರಂದು ಗಾಡಿ ತಗ್ಗಿಸುವುದರ ಮೇಲಿನ ಹಳೆಯ ನಿಯಮವೂ, ಬೀದಿ ಸುತ್ತುವುದರ ಮೇಲಿನ ನಿರ್ಬಂಧವೂ ಇಡೀ ರಾಜ್ಯದಲ್ಲಿ ರದ್ದಾದವು. ಹುಡುಗರಾಗಿದ್ದಾಗ ದಂಡ ಕಟ್ಟಿದವರು ಈಗ ಮೊಮ್ಮಕ್ಕಳನ್ನು ಕೂರಿಸಿಕೊಂಡು ಅದೇ ಬೀದಿಯಲ್ಲಿ ಸಾಗಬಹುದು.

ಅದೇ ಹೊತ್ತಿಗೆ ದೇಶದ ಇನ್ನೊಂದು ತುದಿಯಲ್ಲಿ ಹೊಸ ನಿಷೇಧವೊಂದು ಹುಟ್ಟಿತು. ಪಿಕಪ್ಪಿನ ಮುಂಭಾಗವನ್ನು ಏರಿಸಿ ಹಿಂಭಾಗವನ್ನು ಇಳಿಸುವ ಶೋಕಿ ಆಗ್ನೇಯ ರಾಜ್ಯಗಳ ಯುವಕರಲ್ಲಿ ಹಬ್ಬಿತ್ತು. ಬಾಹಾ ಮರುಭೂಮಿಯ ಪಂದ್ಯದ ಟ್ರಕ್ಕುಗಳ ಭಂಗಿಯೇ ಇದರ ಮೂಲ ಎನ್ನುತ್ತಾರೆ. ‘ಕ್ಯಾರೊಲಿನಾ ಸ್ಕ್ವಾಟ್’ ಎಂದು ಕರೆಸಿಕೊಂಡ ಈ ಗಾಡಿ ಕುಕ್ಕರಗಾಲಿನಲ್ಲಿ ಕೂತ ಪ್ರಾಣಿಯಂತೆ ಕಾಣುತ್ತದೆ. ಮೂಗು ಮೇಲಕ್ಕೆತ್ತಿದ್ದರಿಂದ ಚಾಲಕನಿಗೆ ಮುಂದಿನ ರಸ್ತೆ ಸರಿಯಾಗಿ ಕಾಣುವುದಿಲ್ಲ, ದೀಪಗಳು ಎದುರು ಬರುವವರ ಕಣ್ಣಿಗೇ ಹೊಡೆಯುತ್ತವೆ. ಮುಂದಿನ ಮಡ್‌ಗಾರ್ಡು ಹಿಂದಿನದಕ್ಕಿಂತ ನಾಲ್ಕು ಇಂಚು ಅಥವಾ ಹೆಚ್ಚು ಎತ್ತರವಿರುವಂತೆ ಮಾರ್ಪಡಿಸುವುದನ್ನು ಉತ್ತರ ಕ್ಯಾರೊಲಿನಾ 2021ರ ಡಿಸೆಂಬರಿನಿಂದ ನಿಷೇಧಿಸಿತು. ಇಂತಹ ಗಾಡಿಯ ಅಪಘಾತದಲ್ಲಿ ಒಬ್ಬರು ಸತ್ತ ಮೇಲೆ ವರ್ಜಿನಿಯಾ 2022ರಲ್ಲೂ, ಅದರ ಮರುವರ್ಷ ದಕ್ಷಿಣ ಕ್ಯಾರೊಲಿನಾವೂ ಇದೇ ಹಾದಿ ಹಿಡಿದವು. ಇಲ್ಲಿ ನಿಷೇಧಕ್ಕೆ ಕಾರಣ ಕಣ್ಣೆದುರಿಗಿತ್ತು.

ಬಾನೆಟ್ಟಿನ ಮುಂದೆ ನಿಂತವರು

ಹಾಗಾದರೆ ತಪ್ಪೆಲ್ಲ ಗ್ಯಾರೇಜಿನಲ್ಲಿ ಗಾಡಿ ಏರಿಸುವವರದ್ದೇ? ಹಾಗೆಂದರೆ ಅನ್ಯಾಯವಾದೀತು. ಜನ ಏನನ್ನು ಮೆಚ್ಚುತ್ತಾರೆಂಬುದನ್ನು 1925ರಂತೆಯೇ ಕಂಪನಿಗಳು ಈಗಲೂ ಗಮನಿಸುತ್ತವೆ. ದೊಡ್ಡ ಟೈರು, ಎತ್ತರದ ಮೂತಿ, ಕಪ್ಪು ರಿಮ್ಮುಗಳು ಕಾರ್ಖಾನೆಯಿಂದಲೇ ಬರುತ್ತಿವೆ. ಫೋರ್ಡಿನ ಎಫ್ ಸರಣಿಯ ಪಿಕಪ್ಪುಗಳು 1980ರ ದಶಕದ ಆರಂಭದಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ವಾಹನಗಳ ಸಾಲಿನ ತಲೆಯಲ್ಲಿವೆ. ಹಾಗಾಗಿ ಎತ್ತರ ಇಂದು ಕೆಲವರ ಹವ್ಯಾಸವಾಗಿ ಉಳಿದಿಲ್ಲ. ರಸ್ತೆಯ ಸಾಮಾನ್ಯ ಲಕ್ಷಣವಾಗಿದೆ.

ಇದರ ಬೆಲೆ ತೆರುವವರು ನಡೆದು ಹೋಗುವವರು. ತಗ್ಗಿನ ಕಾರು ಗುದ್ದಿದರೆ ಪೆಟ್ಟು ಕಾಲಿಗೆ ಬೀಳುತ್ತದೆ, ಮನುಷ್ಯ ಬಾನೆಟ್ಟಿನ ಮೇಲೆ ಉರುಳುತ್ತಾನೆ. ಎತ್ತರದ, ಗೋಡೆಯಂತಹ ಮೂತಿ ಗುದ್ದಿದರೆ ಪೆಟ್ಟು ಎದೆಗೆ ಅಥವಾ ತಲೆಗೆ ಬೀಳುತ್ತದೆ, ಮನುಷ್ಯ ಗಾಡಿಯ ಮುಂದಕ್ಕೇ ಬೀಳುತ್ತಾನೆ. ವಿಮಾ ಕಂಪನಿಗಳ ಹಣದಿಂದ ನಡೆಯುವ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯೊಂದು ಪಾದಚಾರಿಗಳಿಗೆ ಸಂಬಂಧಿಸಿದ ಸುಮಾರು 18,000 ಅಪಘಾತಗಳನ್ನು ಪರಿಶೀಲಿಸಿ 2023ರಲ್ಲಿ ವರದಿ ಕೊಟ್ಟಿತು. ಬಾನೆಟ್ಟಿನ ತುದಿ 30 ಇಂಚು ಅಥವಾ ಅದಕ್ಕಿಂತ ತಗ್ಗಾಗಿದ್ದು ಇಳಿಜಾರಾದ ಮೂತಿಯಿರುವ ವಾಹನಗಳಿಗೆ ಹೋಲಿಸಿದರೆ, 40 ಇಂಚಿಗಿಂತ ಎತ್ತರವಿರುವ ವಾಹನಗಳು ಗುದ್ದಿದಾಗ ಸಾವು ಸಂಭವಿಸುವ ಸಾಧ್ಯತೆ ಸುಮಾರು ಶೇ. 45ರಷ್ಟು ಹೆಚ್ಚೆಂದು ಅದು ಹೇಳಿತು. ಅಮೆರಿಕದ ರಸ್ತೆಗಳಲ್ಲಿ 2009ರಲ್ಲಿ ಸುಮಾರು 4,100 ಪಾದಚಾರಿಗಳು ಸತ್ತಿದ್ದರೆ 2022ರಲ್ಲಿ ಆ ಸಂಖ್ಯೆ 7,500 ದಾಟಿತು. ಇದಕ್ಕೆ ವೇಗ, ಕತ್ತಲು, ಕಾಲುದಾರಿಯಿಲ್ಲದ ರಸ್ತೆ ಮುಂತಾದ ಕಾರಣಗಳೂ ಇವೆ. ಗಾಡಿಯ ಎತ್ತರ ಅವುಗಳಲ್ಲೊಂದು. ಗುದ್ದಿದಾಗ ಪಾದಚಾರಿಯ ತಲೆಗೆ ಪೆಟ್ಟು ಕಡಿಮೆಯಾಗುವಂತೆ ಹೊಸ ವಾಹನಗಳ ಮುಂಭಾಗವನ್ನು ರೂಪಿಸಬೇಕೆಂಬ ಕರಡು ನಿಯಮವನ್ನು ಅಲ್ಲಿನ ಕೇಂದ್ರ ಸರ್ಕಾರದ ಸುರಕ್ಷತಾ ಇಲಾಖೆ 2024ರಲ್ಲಿ ಪ್ರಕಟಿಸಿತು. ಹುಡುಗರು ತಗ್ಗಿಸಿದ ಕಾರುಗಳಿಗೆ 1950ರ ದಶಕದ ಕೊನೆಯಲ್ಲೇ ಕಾನೂನು ಬಂದಿತ್ತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಬಿಡದಿಯವರೆಗೆ

ಈ ಕತೆಗೆ ಕರ್ನಾಟಕದ ಕೊಂಡಿಯೂ ಇದೆ. ಚಿತ್ರದ ನಾಯಕ ಹಂಬಲಿಸಿದ ಟೊಯೋಟ ಪಿಕಪ್ಪು ಅಮೆರಿಕದ ಹೊರಗೆ ಹೈಲಕ್ಸ್ ಎಂಬ ಹೆಸರಿನಲ್ಲಿ ಪ್ರಸಿದ್ಧ. 2022ರ ಜನವರಿಯಲ್ಲಿ ಅದು ಭಾರತದ ಮಾರುಕಟ್ಟೆಗೆ ಬಂದಾಗ ಇಲ್ಲಿ ಸಿದ್ಧವಾದದ್ದು ಬೆಂಗಳೂರು-ಮೈಸೂರು ರಸ್ತೆಯ ಬಿಡದಿ ಕಾರ್ಖಾನೆಯಲ್ಲಿ. ಅದಕ್ಕೆ ಮೊದಲೂ ನಮ್ಮಲ್ಲಿ ಗಾಡಿಗೆ ಕೈ ಹಾಕುವುದು ಹೊಸತೇನಾಗಿರಲಿಲ್ಲ. ಮಾರುಕಟ್ಟೆಗೆ ಟೊಮೆಟೊ ಹೊರುವ ಪಿಕಪ್ಪಿನ ಕಮಾನಿಗೆ ಒಂದು ಪ್ಲೇಟು ಹೆಚ್ಚಿಗೆ ಹಾಕಿಸುವುದು, ಮಲೆನಾಡಿನ ಎಸ್ಟೇಟು ಜೀಪಿನ ಚಕ್ರಕ್ಕೆ ಮಳೆಗಾಲದಲ್ಲಿ ಸರಪಳಿ ಸುತ್ತುವುದು ಬದುಕಿನ ಅಗತ್ಯಗಳು. ಮಾಡೆಲ್ ಟಿಗೆ ಮರದ ಪೆಟ್ಟಿಗೆ ಕೂರಿಸಿದ ರೈತನಿಗೂ ಇವರಿಗೂ ಅಂತರ ಹೆಚ್ಚಿಲ್ಲ.

ನಮ್ಮ ಕಾನೂನು ಮಾತ್ರ ಅಮೆರಿಕದ್ದಕ್ಕಿಂತ ಬಿಗಿ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ವಾಹನದ ಮುಂದೆ ಉಕ್ಕಿನ ಗಾರ್ಡು ಕಟ್ಟಿಸುವುದರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಾಗ ಕೊಟ್ಟ ಕಾರಣಗಳಲ್ಲಿ ಪಾದಚಾರಿಗಳ ಸುರಕ್ಷತೆಯೂ ಒಂದು. ಆದರೆ ಕಾರ್ಖಾನೆಯಿಂದಲೇ ಎತ್ತರವಾಗಿ ಬರುವ ಗಾಡಿಯನ್ನು 52ನೇ ಕಲಮು ತಡೆಯುವುದಿಲ್ಲ.

ಮನುಷ್ಯ ತನ್ನ ಗಾಡಿಯನ್ನು ಸಿಂಗರಿಸದೆ ಇರಲಾರ. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಅಣಸು ಕಟ್ಟುವ ನಾಡಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣ, ದೀಪ, ರಿಮ್ಮುಗಳ ಸಂಗತಿಯಲ್ಲಿ ಮಾಲೀಕನ ರುಚಿಯೇ ಪ್ರಮಾಣ. ಎತ್ತರದ ಸಂಗತಿ ಹಾಗಲ್ಲ, ಅದರಲ್ಲಿ ಎದುರಿಗಿರುವವರಿಗೂ ಪಾಲಿದೆ. ನಾಲ್ಕು ವರ್ಷದ ಮಗುವಿನ ಎತ್ತರ ಸಾಮಾನ್ಯವಾಗಿ 40 ಇಂಚಿನ ಆಸುಪಾಸಿನಲ್ಲಿರುತ್ತದೆ. ಬಾನೆಟ್ಟು ಅದಕ್ಕಿಂತ ಮೇಲಿದ್ದರೆ, ಮುಂದೆ ನಿಂತ ಮಗು ಒಳಗೆ ಕೂತವನ ಕಣ್ಣಿಗೆ ಬೀಳುವುದೇ ಇಲ್ಲ.